ಕಮಲತ್ತಿಯ ಎಡಗೆನ್ನೆ

ಹೈದರಾಬಾದ್
14 ಜುಲೈ 2022

ಕಮಲತ್ತಿ,

ಜೈ ಜಿನೇಂದ್ರ. ಫೋನಿನಲ್ಲಿ ಮಾತಾಡಿದರೆ ನಿನ್ನ ಎಡಗಿವಿಗೆ ಏನೂ ಬೀಳುವುದಿಲ್ಲ. ಬಲಗಿವಿಗೆ ಹಿಡಿದರೆ ಅಪ್ಪ ನಡುವೆ ಬಾಯಿ ಹಾಕುತ್ತಾನೆ. ಅದಕ್ಕೇ ಈ ಕಾಗದ. ಇಲ್ಲಿ ಅಂಚೆಪೆಟ್ಟಿಗೆ ಹುಡುಕಲು ಎರಡು ಕಿಲೋಮೀಟರ್ ನಡೆದೆ. ನನ್ನ ಜೊತೆಯವರಿಗೆಲ್ಲ ನಗು.

ಅಲ್ಲಿ ಏನು ಕೆಲಸ ಮಾಡುತ್ತೀ ಎಂದು ಹೋದ ಸಲ ನೀನು ಕೇಳಿದ್ದೆ. ನಮ್ಮ ಸ್ಟುಡಿಯೋದಲ್ಲಿ ಮೊಬೈಲಿನಲ್ಲಿ ಆಡುವ ಆಟಗಳನ್ನು ತಯಾರಿಸುತ್ತಾರೆ. ಆಟದೊಳಗಿನ ಮನುಷ್ಯರು ಮೊದಲು ನನ್ನ ಹತ್ತಿರ ಬರುವಾಗ ಸುಣ್ಣದ ಗೊಂಬೆಯ ಹಾಗೆ ಬೆಳ್ಳಗಿರುತ್ತಾರೆ. ಮೂಗು, ತುಟಿ, ಕಿವಿ ಎಲ್ಲ ಇರುತ್ತದೆ, ಚರ್ಮ ಇರುವುದಿಲ್ಲ. ಚರ್ಮ ಹೊದಿಸುವುದು ನನ್ನ ಕೆಲಸ. ಅದಕ್ಕೆ ಟೆಕ್ಸ್‌ಚರ್ ಎನ್ನುತ್ತಾರೆ. ಹೊಲಿದ ಜಂಪರನ್ನು ಬಿಚ್ಚಿ ಚಾಪೆಯ ಮೇಲೆ ಹರವಿದರೆ ತೋಳು ಒಂದು ಕಡೆ, ಬೆನ್ನು ಒಂದು ಕಡೆ ಸಪಾಟಾಗಿ ಮಲಗುತ್ತದಲ್ಲ, ಹಾಗೆ ಗೊಂಬೆಯ ಮುಖವನ್ನು ಬಿಚ್ಚಿ ಹರವುತ್ತೇವೆ. ಆ ತುಂಡುಗಳ ಮೇಲೆ ನಿಜವಾದ ಮನುಷ್ಯರ ಫೋಟೋ ಕೂಡಿಸಿ ಮತ್ತೆ ಸುತ್ತುತ್ತೇವೆ. ಎಲ್ಲಿ ಕೂಡಿಸಿದೆವು ಎಂದು ನೋಡುವವರಿಗೆ ತಿಳಿಯಬಾರದು. ತಿಳಿದರೆ ನನ್ನ ಕೆಲಸ ಕೆಟ್ಟಿತು ಎಂದರ್ಥ.

ಈಗ ಮಾಡುತ್ತಿರುವ ಆಟದಲ್ಲಿ ಒಬ್ಬ ರಾಣಿ ಬರುತ್ತಾಳೆ, ಬೆಂಕಿಯೊಳಗಿಂದ ಬದುಕಿ ಬಂದವಳು. ಸುಟ್ಟ ಚರ್ಮದ ಫೋಟೋ ಕೊಳ್ಳಲೂ ಸಿಗುತ್ತದೆ, ಆದರೆ ಎಲ್ಲ ಒಂದೇ ನಮೂನೆ. ನಿಜವಾದದ್ದು ತಾ ಎಂದು ನಮ್ಮ ಮೇಲಿನವರು ಹೇಳಿದರು. ಅವರು ಹೇಳಿದ ಕೂಡಲೇ ನನಗೆ ನೀನು ನೆನಪಾದೆ. ನಿನ್ನ ಮುಖ ನನಗೆ ಎಂದೂ ಬೇರೆ ಥರ ಕಂಡಿಲ್ಲ. ಅವ್ವ ಹೋದಾಗ ನನಗೆ ಎರಡು ವರ್ಷ. ಆಮೇಲೆ ಕಣ್ಣು ಬಿಟ್ಟಾಗೆಲ್ಲ ನೋಡಿದ್ದು ಅದನ್ನೇ.

ಪಂಚಮಿಗೆ ಬರುತ್ತೇನೆ. ನಿನ್ನ ಫೋಟೋ ತೆಗೆಯಲೇ?

ನಿನ್ನ ಸಿದ್ಧಿ


ರಬಕವಿ
22 ಜುಲೈ 2022

ಪ್ರೀತಿಯ ಸಿದ್ಧಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಎರಡು ದಿನ ಪುಸ್ತಕದಲ್ಲಿ ಇಟ್ಟುಕೊಂಡು ಓಡಾಡಿದೆ. ಐವತ್ತೆರಡು ವರ್ಷದಲ್ಲಿ ನಾನಾಗಿ ತೆಗೆಸಿಕೊಂಡ ಫೋಟೋ ಒಂದೂ ಇಲ್ಲ. ಆಧಾರ್ ಕಾರ್ಡಿನದು ಸರಕಾರಕ್ಕಾಗಿ ತೆಗೆದದ್ದು. ಶಾಲೆಯ ಗ್ರೂಪ್ ಫೋಟೋದಲ್ಲಿ ತುದಿಗೆ ನಿಂತು ಮುಖ ವಾರೆ ಮಾಡುತ್ತೇನೆ. ಫೋಟೋದವನೂ ಏನೂ ಹೇಳುವುದಿಲ್ಲ, ಅವನಿಗೂ ಅದೇ ಬೇಕು.

ನಮ್ಮ ಬಣ್ಣದ ಮನೆಯಲ್ಲಿ ನೂಲು ಅದ್ದುವ ಹಂಡೆಯ ಕುದಿಯುವ ನೀರು ನನ್ನ ಹಣೆಯಿಂದ ಕುತ್ತಿಗೆಗೆ ಇಳಿದು ನಲವತ್ತಮೂರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅದರಿಂದ ಯಾರಿಗಾದರೂ ಉಪಯೋಗವಾದೀತು ಎಂದು ಅನ್ನಿಸಿದ್ದು ಇದೇ ಮೊದಲು.

ನಿನಗೆ ಗೊತ್ತಿಲ್ಲದ ಒಂದು ಮಾತು ಬರೆಯುತ್ತೇನೆ. ಪ್ರತಿ ಜೂನಿನಲ್ಲಿ ಎಂಟನೇ ಇಯತ್ತೆಗೆ ಹೊಸ ಮಕ್ಕಳು ಬರುತ್ತಾರೆ. ಚಿಮ್ಮಡದಿಂದ, ಸುತ್ತಲಿನ ಹಳ್ಳಿಗಳಿಂದ. ಮೊದಲ ದಿನ ನಾನು ಪಾಠ ಮಾಡುವುದಿಲ್ಲ. ಕುರ್ಚಿ ಕಿಟಕಿಯ ಹತ್ತಿರ ಎಳೆದುಕೊಂಡು ಬೆಳಕಿಗೆ ಮುಖ ಮಾಡಿ ಕೂರುತ್ತೇನೆ. ನೋಡಿಕೊಳ್ಳಿರಿ, ಏನು ಕೇಳಬೇಕೋ ಕೇಳಿರಿ ಎನ್ನುತ್ತೇನೆ. ಮೊದಲು ತಲೆ ತಗ್ಗಿಸುತ್ತಾರೆ. ಆಮೇಲೆ ಕೇಳುತ್ತಾರೆ, ನೋವಾಯಿತೇ, ಈಗಲೂ ಉರಿಯುತ್ತದೆಯೇ ಎಂದು. ಮೂರು ದಿನ ನೋಡುತ್ತಾರೆ. ನಾಲ್ಕನೆಯ ದಿನ ಅವರಿಗೆ ನನ್ನ ಮುಖ ಕಾಣುವುದು ನಿಲ್ಲುತ್ತದೆ, ವ್ಯಾಕರಣ ಕಾಣತೊಡಗುತ್ತದೆ. ಇಪ್ಪತ್ತಾರು ವರ್ಷ ಹೀಗೇ ನಡೆದಿದೆ. ನಾನು ಗಳಿಸಿದ್ದು ಅಂತ ಏನಾದರೂ ಇದ್ದರೆ ಆ ನಾಲ್ಕನೆಯ ದಿನ.

ಫೋಟೋ ತೆಗೆ. ಯಾವ ಸೀರೆ ಉಡಲಿ ಎಂದು ಬರೆ. ಬನಹಟ್ಟಿಯಲ್ಲಿ ನೇಯಿಸಿದ ಹಸಿರು ಇಳಕಲ್ ಒಂದು ಮಡಿಕೆ ಬಿಚ್ಚದೆ ಇದೆ.

ಕಮಲತ್ತಿ


ಹೈದರಾಬಾದ್
20 ಆಗಸ್ಟ್ 2022

ಕಮಲತ್ತಿ,

ಬಂದು ಹದಿನೈದು ದಿನವಾದರೂ ಬರೆಯಲಾಗಲಿಲ್ಲ, ಕ್ಷಮಿಸು. ನಿನ್ನ ಅಳ್ಳಿಟ್ಟಿನ ಉಂಡಿ ಇಡೀ ಸ್ಟುಡಿಯೋ ತಿಂದಿತು.

ಒಟ್ಟು ನೂರ ನಲವತ್ತು ಫೋಟೋ ಬಂದಿವೆ. ಮಾಳಿಗೆಯ ಮೇಲೆ ಅಂದು ಮೋಡ ಕವಿದಿದ್ದು ನಮ್ಮ ಅದೃಷ್ಟ. ಬಿಸಿಲಿದ್ದರೆ ಮೂಗಿನ ನೆರಳು ಕೆನ್ನೆಯ ಮೇಲೆ ಬೀಳುತ್ತದೆ. ನೆರಳು ಬಿದ್ದ ಚರ್ಮ ನಮಗೆ ಆಗುವುದಿಲ್ಲ. ಆಟದೊಳಗೆ ಬೆಳಕು ಎಲ್ಲಿಂದ ಬರುತ್ತದೆಯೋ ಅಲ್ಲಿಂದ ಹೊಸ ನೆರಳು ಬೀಳಬೇಕು. ನಿನಗೆ ಕಣ್ಣು ಮುಚ್ಚಲು, ಕೂದಲು ಅರಿವೆಯಿಂದ ಬಿಗಿದು ಕಟ್ಟಲು ಹೇಳಿದ್ದಕ್ಕೆ ಬೇಸರವಾಯಿತೇನೋ. ಸೀರೆ ಯಾವ ಫೋಟೋದಲ್ಲೂ ಬಂದಿಲ್ಲ. ನಾನು ಮೊದಲೇ ಹೇಳಬೇಕಿತ್ತು.

ಅಪ್ಪ ಮೇಲೆ ಬಂದು ಕೂಗಾಡಿದ್ದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ. "ಆ ಮಾರಿ ಯಾಕ ತಗೀತಿ? ಬಲಕ್ಕಿಂದು ತಗಿ" ಎಂದನಲ್ಲ. ನಿನ್ನ ಎದುರಿಗೇ ಹಾಗೆ ಅನ್ನಬಾರದಿತ್ತು. ನೀನು ಕಣ್ಣು ಮುಚ್ಚಿಕೊಂಡೇ "ಅಣ್ಣಾ, ತೆಳಗ ಹೋಗು" ಎಂದೆ, ಅವನು ಹೋಗಿಬಿಟ್ಟ. ನಿನ್ನ ಮಾತಿಗೆ ಅವನು ಅಷ್ಟು ಬೇಗ ಬಗ್ಗುವುದನ್ನು ನಾನು ಯಾವಾಗಲೂ ನೋಡಿದ್ದೇನೆ.

ನಮ್ಮ ಮೇಲಿನವರು ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. ಇಂಥದ್ದು ಎಲ್ಲಿಯೂ ಸಿಕ್ಕಿರಲಿಲ್ಲ ಎಂದರು.

ಸಿದ್ಧಿ


ರಬಕವಿ
5 ಸೆಪ್ಟೆಂಬರ್ 2022

ಪ್ರೀತಿಯ ಸಿದ್ಧಿಗೆ ಆಶೀರ್ವಾದ.

ಬೇಸರ ಏಕೆ? ಆವತ್ತು ನೀನು ಅಳತೆಯ ಪಟ್ಟಿ ಹಿಡಿದು ನನ್ನ ಕೆನ್ನೆ ಮುಟ್ಟಿದೆ. ಚಿಕ್ಕವಳಿದ್ದಾಗ ನಿದ್ದೆ ಬರುವವರೆಗೆ ಅದೇ ಕೆನ್ನೆಯ ಗಂಟುಗಳ ಮೇಲೆ ಬೆರಳಾಡಿಸುತ್ತಿದ್ದೆ. ನೀನು ದೊಡ್ಡವಳಾದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಅದಕ್ಕೇ ಕಣ್ಣು ತೆರೆಯಲು ಹೇಳಿದಾಗ ಸ್ವಲ್ಪ ತಡಮಾಡಿದೆ.

ಇಂದು ಶಿಕ್ಷಕರ ದಿನ. ಮಕ್ಕಳು ಭಾಷಣ ಮಾಡಿ ಎಂದರು. ನನ್ನ ಸೊಸಿ, ಅಣ್ಣನ ಮಗಳು, ಹೈದರಾಬಾದಿನಲ್ಲಿ ಒಬ್ಬ ರಾಣಿಯನ್ನು ಮಾಡುತ್ತಿದ್ದಾಳೆ, ಆ ರಾಣಿಗೆ ನನ್ನ ಮುಖ ಕೊಟ್ಟಿದ್ದೇನೆ ಎಂದು ಹೇಳಿಬಿಟ್ಟೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಆದರೆ ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಜೊತೆ ಹಿಂದಿ ಕಲಿಸುವ ಮಧುಮತಿ ಟೀಚರ್ ಕಣ್ಣೊರೆಸಿಕೊಂಡರು.

ಒಂದೇ ಒಂದು ಫೋಟೋ ಕಳಿಸು. ಕಣ್ಣು ತೆರೆದದ್ದು ಕೊನೆಯಲ್ಲಿ ಒಂದು ತೆಗೆದೆಯಲ್ಲ, ಅದು. ನನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೇನೆ.

ಕಮಲತ್ತಿ


ಹೈದರಾಬಾದ್
2 ನವೆಂಬರ್ 2022

ಕಮಲತ್ತಿ,

ಫೋಟೋ ಕಳಿಸಲು ಆಗುವುದಿಲ್ಲ. ತೆಗೆದದ್ದೆಲ್ಲ ಆಫೀಸಿನ ಆಸ್ತಿ, ಹೊರಗೆ ಕೊಡಬಾರದು ಎಂಬ ನಿಯಮವಿದೆ. ಮುಂದಿನ ಸಲ ಬಂದಾಗ ಬೇರೆ ತೆಗೆಯುತ್ತೇನೆ.

ಕೆಲಸ ನಡೆದಿದೆ. ನನಗೆ ಬಡ್ತಿ ಸಿಕ್ಕಿತು. ಈಗ ನನ್ನ ಕೈಕೆಳಗೆ ಮೂವರು ಇದ್ದಾರೆ. ಶಾಲೆಯಲ್ಲಿ ಆ ಸುದ್ದಿ ಹೇಳದಿದ್ದರೆ ಚೆನ್ನಾಗಿತ್ತು ಅತ್ತಿ. ಆಟಗಳು ಎಷ್ಟೋ ಸಲ ಅರ್ಧಕ್ಕೇ ನಿಲ್ಲುತ್ತವೆ.

ದೀಪಾವಳಿಗೆ ಬರಲು ರಜೆ ಸಿಗಲಿಲ್ಲ ಎಂದು ಅಪ್ಪನಿಗೆ ಹೇಳು.

ಸಿದ್ಧಿ


ರಬಕವಿ
12 ಮಾರ್ಚ್ 2023

ಪ್ರೀತಿಯ ಸಿದ್ಧಿಗೆ ಆಶೀರ್ವಾದ.

ನಾಲ್ಕು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಬಡ್ತಿ ಆದವರಿಗೆ ಹೊಣೆ ಹೆಚ್ಚು, ನನಗೆ ತಿಳಿಯುತ್ತದೆ.

ಅಣ್ಣನ ಬಲಗಣ್ಣಿನ ಪೊರೆ ತೆಗೆಸಲು ಮುಧೋಳಕ್ಕೆ ಕರೆದುಕೊಂಡು ಹೋಗಿದ್ದೆ. ಆದಪ್ಪ ಸಾವಕಾರರು ಅಂತ ಊರೆಲ್ಲ ಕರೆಯುತ್ತದೆ, ಆಪರೇಷನ್ನಿಗೆ ಒಳಗೆ ಹೋಗುವಾಗ ನನ್ನ ಸೆರಗು ಹಿಡಿದಿದ್ದ. ಪಟ್ಟಿ ಬಿಚ್ಚಿದ ಮೇಲೆ ಎಲ್ಲಕ್ಕೂ ಮೊದಲು ನನ್ನ ಮುಖವನ್ನೇ ನೋಡಿದ. ಕೂಡಲೇ ಕಿಟಕಿಯ ಕಡೆ ತಿರುಗಿಕೊಂಡ.

ಮಕ್ಕಳು ವಾರಕ್ಕೊಮ್ಮೆ ರಾಣಿ ಯಾವಾಗ ಬರುತ್ತಾಳೆ ಎಂದು ಕೇಳುತ್ತಾರೆ. ತಯಾರಾಗುತ್ತಿದ್ದಾಳೆ, ಇಳಕಲ್ ಸೀರೆಯ ಸೆರಗು ಕೂಡಿಸುವುದೇ ಎಷ್ಟು ಹೊತ್ತಿನ ಕೆಲಸ, ಇದು ಮುಖ ಎನ್ನುತ್ತೇನೆ.

ಕಮಲತ್ತಿ


ಹೈದರಾಬಾದ್
30 ಜೂನ್ 2023

ಕಮಲತ್ತಿ,

ಆಟ ದೀಪಾವಳಿಯ ಹೊತ್ತಿಗೆ ಬರಬಹುದು. ನಿನ್ನ ಹತ್ತಿರ ಇರುವುದು ಗುಂಡಿ ಫೋನು, ಅದರಲ್ಲಿ ಕಾಣುವುದಿಲ್ಲ. ಹೊಸ ಫೋನು ಕೊಳ್ಳಬೇಡ. ಮಕ್ಕಳಿಗೂ ಹೇಳು, ಇಂಥ ಆಟಗಳು ಕಣ್ಣಿಗೆ ಕೆಟ್ಟದ್ದು, ಆಡಬಾರದು ಅಂತ. ನೀನು ಹೇಳಿದರೆ ಕೇಳುತ್ತಾರೆ.

ಅಪ್ಪನ ಕಣ್ಣು ಹೇಗಿದೆ?

ಸಿದ್ಧಿ


ರಬಕವಿ
11 ಜುಲೈ 2023

ಪ್ರೀತಿಯ ಸಿದ್ಧಿಗೆ ಆಶೀರ್ವಾದ.

ತಾನು ಮಾಡಿದ ಆಟವನ್ನು ಮಕ್ಕಳು ಆಡಬಾರದು ಎನ್ನುವವಳು ನೀನೊಬ್ಬಳೇ ಇರಬೇಕು. ನಿನ್ನ ಕಾಗದವನ್ನು ತರಗತಿಯಲ್ಲಿ ಓದಿ ಹೇಳಿದೆ. ನೋಡಿರಿ, ಹೊಟ್ಟೆಪಾಡಿನ ಕೆಲಸದಲ್ಲೂ ನಿಮ್ಮ ಕಣ್ಣಿನ ಕಾಳಜಿ ಮಾಡುತ್ತಾಳೆ ಎಂದೆ.

ಅಣ್ಣನ ಕಣ್ಣು ಈಗ ಚೊಕ್ಕಾಗಿ ಕಾಣುತ್ತದೆ.

ಕಮಲತ್ತಿ


ರಬಕವಿ
25 ನವೆಂಬರ್ 2023

ಸಿದ್ಧಿಗೆ,

ಹೋದ ಸೋಮವಾರ ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಎಂಟನೇ ಇಯತ್ತೆಯ ಐಶ್ವರ್ಯ ಎಂಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಮನೆಯ ಫೋನನ್ನು ಕದ್ದು ತಂದಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

"ಟೀಚರ್, ನಿಮ್ಮ ರಾಣಿ ಬಂದಾಳ್ರಿ. ಆದ್ರ ಎಲ್ಲಾರೂ ಆಕೀಗಿ ಹೊಡ್ಯಾಕತ್ತಾರ್ರಿ."

ಮಧುಮತಿ ಟೀಚರ್ ಫೋನು ಹಿಡಿದರು, ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಮಸಣದಿಂದ ಒಬ್ಬ ರಾಕ್ಷಸಿ ಎದ್ದು ಬರುತ್ತಾಳೆ. ಆಡುವವರು ಅವಳ ಮೇಲೆ ಬೆಂಕಿಯ ಕುಡಿಕೆ ಎಸೆಯಬೇಕು. ಬೆಂಕಿ ತಗುಲಿದಲ್ಲಿ ಚರ್ಮ ಇನ್ನಷ್ಟು ಸುಡುತ್ತದೆ. ಏಳು ಸಲ ಸುಟ್ಟರೆ ಸಾಯುತ್ತಾಳೆ. ಕಿವಿಯ ಕೆಳಗಿನ ಗಂಟು, ಕಣ್ಣಿನ ಕೆಳಗೆ ಕೂಡಿಕೊಂಡ ಮೂರು ಗೆರೆ, ತುಟಿಯ ಮೂಲೆ ಎಳೆದುಕೊಂಡದ್ದು. ನನ್ನ ಮುಖ ನನಗೆ ಗೊತ್ತಾಗುವುದಿಲ್ಲವೇ?

ಆಟದಲ್ಲಿ ಅವಳಿಗೆ ಏನೋ ಇಂಗ್ಲಿಷ್ ಹೆಸರಿದೆ. ನಮ್ಮ ಮಕ್ಕಳು ಅವಳನ್ನು ಸುಟ್ಟಮಾರಿ ಎನ್ನುತ್ತಾರೆ. ಬುಧವಾರ ಕರಿಹಲಗೆಯ ಮೇಲೆ ಆ ಹೆಸರು ಬರೆದಿತ್ತು. ಅಕ್ಷರ ದುಂಡಗಿದ್ದವು, ನಾನೇ ತಿದ್ದಿಸಿದ್ದು. ಒರೆಸಿ ಪಾಠ ಮಾಡಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಬಾಯಿಂದ ಬೆಂಕಿಯ ಕುಡಿಕೆ ಒಡೆಯುವ ಸದ್ದು ಮಾಡಿದರು. ಯಾರೂ ಜೋರಾಗಿ ನಗಲಿಲ್ಲ. ಜೋರಾಗಿ ನಕ್ಕಿದ್ದರೆ ಬೈಯಬಹುದಿತ್ತು.

ಒಂದೇ ಮಾತು ಕೇಳುತ್ತೇನೆ. ನಿನಗೆ ಮೊದಲೇ ಗೊತ್ತಿತ್ತೇ?

ಕಮಲತ್ತಿ


ಹೈದರಾಬಾದ್
29 ನವೆಂಬರ್ 2023

ಕಮಲತ್ತಿ,

ನಿನ್ನ ಆಣೆ, ಮೊದಲು ಅವಳು ರಾಣಿಯೇ ಆಗಿದ್ದಳು. ನಡುವೆ ಕಥೆ ಬದಲಾಯಿತು. ಮೇಲಿನವರು ರಾಣಿ ಬೇಡ, ರಾಕ್ಷಸಿ ಬೇಕು ಎಂದರು. ನಾನು ಜಗಳ ಮಾಡಿದೆ, ನನ್ನ ಮಾತು ನಡೆಯಲಿಲ್ಲ. ಬೆಂಕಿ ತಗುಲಿದಾಗ ಸುಡುವ ಹಾಗೆ ಮಾಡಿದ್ದು ಬೇರೆಯವರು, ನಾನಲ್ಲ.

ಅದು ನೀನಲ್ಲ ಅತ್ತಿ, ದಯವಿಟ್ಟು ಹಾಗೆ ಅಂದುಕೊಳ್ಳಬೇಡ. ಅದು ಬರೀ ಮೇಲಿನ ಪದರು. ಕಣ್ಣು ನಿನ್ನದಲ್ಲ, ಮೂಗು ನಿನ್ನದಲ್ಲ, ಬಣ್ಣವನ್ನೂ ಕಪ್ಪು ಮಾಡಿದ್ದೇನೆ. ದೂರದಿಂದ ನೋಡಿದರೆ ಆ ಗೆರೆಗಳು ಕಾಣುವುದೇ ಇಲ್ಲ. ನಿಮ್ಮ ಮಕ್ಕಳಿಗೆ ಗೊತ್ತಾಗಿದ್ದು ನೀನೇ ಮೊದಲು ಹೇಳಿದ್ದರಿಂದ. ಲಕ್ಷಗಟ್ಟಲೆ ಜನ ಆಡುತ್ತಾರೆ, ಅವರಲ್ಲಿ ಎಷ್ಟು ಜನರಿಗೆ ನಿನ್ನ ಪರಿಚಯವಿದೆ?

ತೆಗೆಯಿರಿ ಎಂದು ಕೇಳಲೂ ಬರುವುದಿಲ್ಲ. ಕಂಪನಿಯ ಹತ್ತಿರ ನಿನ್ನ ಒಪ್ಪಿಗೆ ಪತ್ರವಿದೆ. ಸ್ವಲ್ಪ ದಿನ ತಡೆದುಕೋ. ಮಕ್ಕಳು ಒಂದು ಆಟವನ್ನು ಎರಡು ತಿಂಗಳಿಗಿಂತ ಹೆಚ್ಚು ಆಡುವುದಿಲ್ಲ.

ಸಿದ್ಧಿ


ರಬಕವಿ
9 ಡಿಸೆಂಬರ್ 2023

ಸಿದ್ಧಿಗೆ,

ಎರಡು ತಿಂಗಳು ತಡೆದುಕೋ ಎಂದೆ. ನಾನು ಬೇರೆ ದಾರಿ ಹಿಡಿದೆ. ಸೋಮವಾರ ಕುರ್ಚಿ ಕಿಟಕಿಗೆ ಎಳೆದುಕೊಂಡು ಕುಳಿತೆ, ಜೂನಿನಲ್ಲಿ ಕುಳಿತ ಹಾಗೆ. ನೋಡಿರಿ, ಕೇಳಿರಿ ಎಂದೆ. ಯಾರೂ ಏನೂ ಕೇಳಲಿಲ್ಲ. ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು. ಐಶ್ವರ್ಯ ಒಬ್ಬಳೇ ಬಿಕ್ಕಿಬಿಕ್ಕಿ ಅತ್ತಳು. ನಾಲ್ಕನೆಯ ದಿನವಾಯಿತು, ಐದನೆಯ ದಿನವಾಯಿತು. ಏನೂ ಬದಲಾಗಲಿಲ್ಲ.

ಈಗ ಹೇಳು. ಯಾವ ಒಪ್ಪಿಗೆ ಪತ್ರ? ನಾನು ಯಾವ ಕಾಗದಕ್ಕೂ ಸಹಿ ಮಾಡಿದ ನೆನಪಿಲ್ಲ. ಶಾಲೆಯ ಹಾಜರಿ ಬಿಟ್ಟರೆ ಎರಡು ವರ್ಷದಲ್ಲಿ ನಾನು ಸಹಿ ಮಾಡಿದ್ದು ಅಣ್ಣನ ಕಣ್ಣಿನ ಆಪರೇಷನ್ನಿಗೆ ಮಾತ್ರ.

ಮಧುಮತಿ ಟೀಚರ್ ಜಮಖಂಡಿಯಲ್ಲಿರುವ ತಮ್ಮ ಅಣ್ಣ ಪರಮಾನಂದ ವಕೀಲರ ಹತ್ತಿರ ಕರೆದುಕೊಂಡು ಹೋಗಿದ್ದರು. ಅವರು ಪತ್ರದ ನಕಲು ಕಳಿಸಿರಿ ಎಂದು ಕಂಪನಿಗೆ ಬರೆದಿದ್ದಾರೆ.

ಕಮಲಾಬಾಯಿ


ಹೈದರಾಬಾದ್
16 ಡಿಸೆಂಬರ್ 2023

ಅತ್ತಿ,

ವಕೀಲರನ್ನು ನಿಲ್ಲಿಸಿರಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ ಸಹಿ ನಾನು ಮಾಡಿದೆ. ಆ ಕಾಗದ ಇಂಗ್ಲಿಷಿನಲ್ಲಿತ್ತು, ನಾಲ್ಕು ಪುಟ. ನಿಮಗೆ ತೋರಿಸಿದರೆ ಅಪ್ಪ ನೋಡುತ್ತಾನೆ, ಬೇಡ ಎನ್ನುತ್ತಾನೆ ಎಂದು ಹೆದರಿದೆ. ನೀವು ನನಗೆ ಇಲ್ಲ ಎಂದದ್ದೇ ಇಲ್ಲವಲ್ಲ, ಅದಕ್ಕೇ ನಿಮ್ಮ ಪರವಾಗಿ ನಾನೇ ಹೌದು ಎಂದರೆ ತಪ್ಪೇನು ಎಂದುಕೊಂಡೆ. ಇಲ್ಲಿ ಇಂಥದ್ದು ಎಷ್ಟೋ ಜನ ಮಾಡುತ್ತಾರೆ.

ಯಾರಾದರೂ ಕೇಳಿದರೆ ಆ ಸಹಿ ನಿಮ್ಮದೇ ಎಂದುಬಿಡಿ. ಇಲ್ಲವೆಂದರೆ ಕಂಪನಿ ನನ್ನನ್ನು ತೆಗೆಯುತ್ತದೆ. ಈ ಕೆಲಸದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಆಮೇಲೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ನನ್ನನ್ನು ಸಾಕಿದವರು ನೀವು. ನಿಮ್ಮ ಕೈಯಾರೆ ಬೆಳೆಸಿದ್ದನ್ನು ನೀವೇ ಕಿತ್ತು ಹಾಕಬೇಡಿರಿ.

ಸಿದ್ಧಿ


ರಬಕವಿ
21 ಜನವರಿ 2024

ಸಿದ್ಧಿಗೆ,

ನಕಲು ಬಂದಿತು. ಪರಮಾನಂದ ವಕೀಲರು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಪಾತ್ರ ಯಾವುದು ಎಂದು ಮೊದಲ ಪುಟದಲ್ಲೇ ಬರೆದಿದೆ: ರಾಕ್ಷಸಿ. ಸಹಿಯ ಕೆಳಗಿನ ತಾರೀಖು 18 ಜುಲೈ 2022. ನಾನು ನಿನಗೆ ಫೋಟೋ ತೆಗೆ ಎಂದು ಬರೆದದ್ದು 22ಕ್ಕೆ. ನನ್ನ ಉತ್ತರ ನಿನ್ನ ಕೈ ಸೇರುವ ಮೊದಲೇ ನಾನು ಒಪ್ಪಿಯಾಗಿತ್ತು. ನಡುವೆ ಕಥೆ ಬದಲಾಯಿತು ಎಂದು ನನ್ನ ಆಣೆ ಹಾಕಿ ಬರೆದೆಯಲ್ಲ.

ನೀನು ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆನೋ ಇಲ್ಲವೋ, ಈಗ ನನಗೂ ಗೊತ್ತಿಲ್ಲ. ರಾಕ್ಷಸಿಗೆ ಬೇಕು ಅತ್ತಿ, ನನ್ನ ಕೆಲಸಕ್ಕೆ ಅನುಕೂಲವಾಗುತ್ತದೆ ಎಂದಿದ್ದರೆ ಬಹುಶಃ ಕೊಡುತ್ತಿದ್ದೆ. ಹಸಿರು ಸೀರೆ ಉಡುತ್ತಿರಲಿಲ್ಲ ಅಷ್ಟೆ. ಮಕ್ಕಳಿಗೂ ಹೇಳುತ್ತಿರಲಿಲ್ಲ. ಕರಿಹಲಗೆಯ ಹತ್ತಿರ ನಿಲ್ಲಲು ಏನು ಸಿದ್ಧತೆ ಬೇಕೋ ಅದನ್ನು ಮಾಡಿಕೊಳ್ಳುತ್ತಿದ್ದೆ.

ನಿನ್ನ ಅಪ್ಪ ಹದಿನೈದು ದಿನದಿಂದ ನನ್ನ ಹಿಂದೆ ಬಿದ್ದಿದ್ದ. ನಿನ್ನೆ ಜಮಖಂಡಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಅಡ್ಡ ನಿಂತ. "ಒಂದ್ ಸಹಿ ಐತಿ ಕಮಲಾ. ನಂದ ಅನ್ನು, ಮುಗೀತು. ಹುಡುಗಿ ಉಳೀತಾಳ."

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಈಗ ನಿನಗೆ ಬರೆಯುತ್ತೇನೆ. ಬಣ್ಣದ ಮನೆಯಲ್ಲಿ ನಾನು ಜಾರಿ ಬೀಳಲಿಲ್ಲ. ಅಣ್ಣನಿಗೆ ಆಗ ಹದಿನಾಲ್ಕು. ಅವನು ಶಾಲೆ ತಪ್ಪಿಸಿ ಬೀಳಗಿಗೆ ಕುಸ್ತಿ ನೋಡಲು ಹೋಗಿದ್ದನ್ನು ನಾನು ನಮ್ಮ ಅಪ್ಪನಿಗೆ ಹೇಳಿದ್ದೆ. ಸಿಟ್ಟಿನಲ್ಲಿ ದಬ್ಬಿದ. ಹಂಡೆ ಹಿಂದೆ ಇತ್ತು. ಯಾರು ದಬ್ಬಿದರು ಎಂದು ಅವ್ವ ಕೇಳಿದಾಗ ಅವನು ಕಂಬದ ಹಿಂದೆ ನಡುಗುತ್ತ ನಿಂತಿದ್ದ. ನಾನೇ ಜಾರಿದೆ ಎಂದೆ. ಅಂದಿನಿಂದ ನೆಂಟರಿಗೂ ಅದನ್ನೇ ಹೇಳಿದೆ, ಪ್ರತಿ ವರ್ಷದ ಎಂಟನೇ ಇಯತ್ತೆಗೂ ಅದನ್ನೇ ಹೇಳಿದೆ.

ನಿನ್ನೆ ಬಾಗಿಲಲ್ಲಿ ಅವನಿಗೆ ಇಷ್ಟು ಹೇಳಿದೆ. "ಅಣ್ಣಾ, ಒಂಬತ್ತು ವರ್ಷದಾಕಿ ಇದ್ದಾಗ ಒಂದ್ ಸುಳ್ಳ ಹೇಳೀನಿ. ಆವಾಗ ನೀ ಉಳದಿ. ಇನ್ನೊಂದು ನನ್ನ ಕಡೆ ಆಗೂದಿಲ್ಲ."

ಅವನು ದಾರಿ ಬಿಟ್ಟ.

ವಕೀಲರು ಕಾಗದ ಮುಂದಿಟ್ಟು "ಟೀಚರ್, ಇದು ನಿಮ್ಮ ಸಹಿ ಏನ್ರಿ?" ಎಂದರು. ಅಲ್ಲ ಎಂದೆ. ಯಾರದು ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಪೋಲೀಸರಿಗೆ ಕೊಡುವುದೇ ಎಂದರು. ಬೇಡ, ಆ ಮುಖ ತೆಗೆದರೆ ಸಾಕು ಎಂದೆ. ನನ್ನಿಂದ ಆಗುವುದು ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ನೀನು ಕೇಳಬಾರದು.

ಕಮಲಾಬಾಯಿ


ಜಮಖಂಡಿ
17 ಏಪ್ರಿಲ್ 2024

ಅತ್ತಿಯವರಿಗೆ,

ಮೇಲಿನ ಊರಿನ ಹೆಸರು ನೋಡಿ ಆಶ್ಚರ್ಯವಾಗಬಹುದು. ನಾನು ಇಲ್ಲಿಗೆ ಬಂದು ಐದು ವಾರವಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಹುಟ್ಟುಹಬ್ಬದ ಮುಖಂಡರ ಮುಖ ಬೆಳ್ಳಗೆ ಮಾಡುವುದು, ತೀರಿಕೊಂಡವರ ಫೋಟೋದಲ್ಲಿ ಸುಕ್ಕು ಅಳಿಸುವುದು. ರಬಕವಿಯ ಬಸ್ಸು ಅರ್ಧ ತಾಸಿಗೊಂದು ಅಂಗಡಿಯ ಮುಂದೆಯೇ ಹಾಯುತ್ತದೆ. ಹತ್ತಿಲ್ಲ.

ನಿಮ್ಮ ವಕೀಲರ ಕಾಗದ ಬಂದ ದಿನವೇ ನನ್ನನ್ನು ಕರೆದು ಕೇಳಿದರು. ಒಪ್ಪಿಕೊಂಡೆ. ಅಂದು ಮಧ್ಯಾಹ್ನ ನನ್ನ ಕಂಪ್ಯೂಟರ್ ಮುಚ್ಚಿಸಿ ಕೆಲಸದಿಂದ ತೆಗೆದರು. ನಿಮ್ಮ ಮುಖ ತೆಗೆದು ಬೇರೆ ಚರ್ಮ ಹಾಕಲು ಅವರಿಗೆ ಎಷ್ಟು ಹೊತ್ತು ಬೇಕಾಯಿತು ಗೊತ್ತೇ? ಎರಡು ದಿನ. ಕೊಂಡು ತಂದ ಚರ್ಮ. ಆಡುವವರು ಯಾರೂ ಗುರುತಿಸಲಿಲ್ಲವಂತೆ. ನಾನು ವರ್ಷವಿಡೀ ಒಂದೊಂದು ರಂಧ್ರ, ಒಂದೊಂದು ಗೆರೆ ಕೂಡಿಸಿದ್ದೆ.

ನಿಮ್ಮ ಹತ್ತಿರ ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ, ಅದಕ್ಕೇ ಇದನ್ನೂ ಬರೆಯುತ್ತೇನೆ. ಬೆಂಕಿ ತಗುಲಿದಾಗ ಸುಡುವ ಏಳು ಪದರುಗಳನ್ನೂ ಮಾಡಿದ್ದು ನಾನೇ. ನಿಮ್ಮ ಬಲಗೆನ್ನೆ ಸುಟ್ಟಿದ್ದರೆ ಹೇಗಿರುತ್ತಿತ್ತು ಎಂದು ಎಡಗೆನ್ನೆ ನೋಡಿ ನೋಡಿ ಬರೆದೆ. ಬರೆಯುವಾಗ ನಿಮ್ಮ ನೆನಪಾಗಲಿಲ್ಲ. ಕೆಲಸ ಚೆನ್ನಾಗಿ ಆಗುತ್ತಿದೆ ಎಂದು ಖುಷಿಯಾಗಿತ್ತು. ಅದಕ್ಕೇ ಬಡ್ತಿ ಸಿಕ್ಕಿದ್ದು.

ಆದರೂ ಕೇಳುತ್ತೇನೆ. ನಿಮ್ಮನ್ನು ದಬ್ಬಿದವನ ಜೊತೆ ನಲವತ್ತೈದು ವರ್ಷ ಒಂದೇ ಮನೆಯಲ್ಲಿ ಉಂಡಿರಿ. ಅವನ ಕಣ್ಣಿಗೆ ಔಷಧ ಹಾಕಿದಿರಿ. ನನಗೆ ಒಂದು ಸಹಿ ಬಿಡಲಾಗಲಿಲ್ಲ. ಅವನು ಮುಖ ಸುಟ್ಟ, ನಾನು ಅದರ ಚಿತ್ರ ತೆಗೆದೆ. ಇಬ್ಬರಲ್ಲಿ ಯಾರ ತಪ್ಪು ದೊಡ್ಡದು?

ಬರಲೇ ಎಂದು ಕೇಳಲು ಈ ಕಾಗದ ಶುರುಮಾಡಿದೆ. ಹೀಗಾಯಿತು. ಬರಲೇ?

ಸಿದ್ಧಿ


ಬನಹಟ್ಟಿ
23 ಜೂನ್ 2024

ಸಿದ್ಧಿಗೆ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕುಳಿತಾಗೆಲ್ಲ ಮೊದಲ ಸಾಲಿನಲ್ಲೇ ಸುಳ್ಳು ಬಂತು, ಹರಿದೆ.

ನಿನ್ನ ಪ್ರಶ್ನೆ ಸರಿಯಾಗಿದೆ. ಅಣ್ಣನ ತಪ್ಪೇ ದೊಡ್ಡದು. ಅವನಿಗೆ ಹದಿನಾಲ್ಕು, ಅದು ಒಂದು ಗಳಿಗೆಯ ಸಿಟ್ಟು. ನೀನು ಒಂದು ವರ್ಷ ದಿನವೂ ನೋಡಿ ಮಾಡಿದೆ. ಹೀಗೆ ತೂಗಿದರೂ ಅವನದೇ ಭಾರ ಎಂದು ನನಗೆ ಗೊತ್ತು. ಆದರೂ ಅವನನ್ನು ಹೇಗೋ ನುಂಗಿಕೊಂಡೆ, ನಿನ್ನನ್ನು ನುಂಗಿಕೊಳ್ಳಲು ಆಗುತ್ತಿಲ್ಲ. ಅವನಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ, ಕಾರಣ ಅದೇ ಇರಬೇಕು. ಇದು ನ್ಯಾಯವಲ್ಲ. ನ್ಯಾಯ ಎಂದು ನಾನು ಹೇಳುತ್ತಲೂ ಇಲ್ಲ.

ಅಣ್ಣ ಬಾಗಿಲಲ್ಲಿ ದಾರಿ ಬಿಟ್ಟ ದಿನದಿಂದ ನನ್ನ ಜೊತೆ ಮಾತು ಬಿಟ್ಟ. ಮೂರು ತಿಂಗಳು ಅವನ ತಾಟು ನಾನು ಇಟ್ಟೆ, ಅವನು ಉಂಡ, ಅಷ್ಟೆ. ಮೇ ತಿಂಗಳಲ್ಲಿ ಬನಹಟ್ಟಿಯಲ್ಲಿ ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆ. ಗೋಡೆಯ ಆಚೆ ಹತ್ತು ಮಗ್ಗಗಳಿವೆ. ಅವುಗಳ ಸದ್ದು ನನ್ನ ಬಲಗಿವಿಗೆ ಮಾತ್ರ ಕೇಳುತ್ತದೆ, ಬಲಕ್ಕೆ ಹೊರಳಿ ದಿಂಬಿಗೆ ಬಲಗಿವಿ ಒತ್ತಿ ಮಲಗಿದರೆ ಅದೂ ಇಲ್ಲ.

ಶಾಲೆ ಶುರುವಾಯಿತು. ಹೊಸ ಮಕ್ಕಳಿಗೆ ಈ ಸಲ ಜಾರಿ ಬಿದ್ದೆ ಎಂದು ಹೇಳಲಿಲ್ಲ, ಅಣ್ಣ ದಬ್ಬಿದ ಎಂದೆ. ಅದಕ್ಕೂ ಅವರ ಹತ್ತಿರ ಪ್ರಶ್ನೆ ಇರಲಿಲ್ಲ. ಅವರು ನನ್ನನ್ನು ಮೊದಲೇ ನೋಡಿದ್ದರು. ಆಟದಲ್ಲಿ ಮುಖ ಬದಲಾದರೇನು, ಹಳೆಯ ಆಟದ ವಿಡಿಯೋಗಳು ಎಲ್ಲರ ಫೋನಿನಲ್ಲಿವೆ, ಸಾವಳಗಿಯಿಂದ ಬಂದ ಹುಡುಗಿಯ ಫೋನಿನಲ್ಲೂ ಇವೆ. ಅವರು ನನ್ನನ್ನು ದಿಟ್ಟಿಸುವುದಿಲ್ಲ, ಹೋಲಿಸಿ ನೋಡುತ್ತಾರೆ. ನಾನು ಪಾಠ ಮಾಡುತ್ತೇನೆ. ನಿವೃತ್ತಿಗೆ ಇನ್ನೂ ಆರು ವರ್ಷವಿದೆ.

ಬರಲೇ ಎಂದು ಕೇಳಿದೆ. ರಬಕವಿಗೆ ಹೋಗುವುದಾದರೆ ಹೋಗು. ಅದು ನಿನ್ನ ಅಪ್ಪನ ಮನೆ, ನಾನು ಅಲ್ಲಿ ಇಲ್ಲ. ಅವನ ಕಣ್ಣಿನ ಔಷಧ ಅಡುಗೆಮನೆಯ ಮೇಲಿನ ಮಾಡದಲ್ಲಿದೆ, ಬೆಳಿಗ್ಗೆ ಒಂದು ಹನಿ ಹಾಕಬೇಕು.

ಬನಹಟ್ಟಿಗೆ ಬರಬೇಡ. ನಿನ್ನನ್ನು ಕಂಡರೆ ಒಳಗೆ ಕರೆಯುತ್ತೇನೆ, ಊಟಕ್ಕೆ ಬಡಿಸುತ್ತೇನೆ, ಮಾತಾಡಿಸುತ್ತೇನೆ. ಎಲ್ಲ ಸರಿಹೋಯಿತು ಎಂದು ನೀನು ತಿಳಿದು ಹೋಗುತ್ತೀ. ಸರಿಹೋಗಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿದೆ. ಇಂಥ ಸಿಟ್ಟು ನನಗೆ ಯಾರ ಮೇಲೂ ಬಂದಿರಲಿಲ್ಲ, ಇದನ್ನು ಏನು ಮಾಡಬೇಕು ಎಂದು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಸಿಟ್ಟು ಇಳಿದರೆ ನಾನೇ ಜಮಖಂಡಿಗೆ ಬರುತ್ತೇನೆ. ಇಳಿಯದಿದ್ದರೆ ಬರುವುದಿಲ್ಲ.

ಕಮಲಾಬಾಯಿ